ಬಾಕ್ಸ್‌ಸ್ಟರ್ ಲಾಗ್: ಡೀಲರ್ ಬೆಂಗಳೂರಲ್ಲಿ, ಕಾರು ಕಾರವಾರದಲ್ಲಿ

ಏಪ್ರಿಲ್ 2025

ಹೊಸದಾಗಿ ಓದುವವರಿಗೆ ಮೊದಲು ಕಾರಿನ ಪರಿಚಯ. 2010ರ ಪೋರ್ಷೆ ಬಾಕ್ಸ್‌ಸ್ಟರ್, ಬಟ್ಟೆಯ ಟಾಪ್ ಮಡಚಬಹುದಾದ ಎರಡು ಸೀಟಿನ ಕಾರು. 987 ಸರಣಿಯದು, 2.9 ಲೀಟರ್, ಆರು ಸಿಲಿಂಡರ್, ಪಿಡಿಕೆ ಗೇರ್‌ಬಾಕ್ಸ್ (ಎರಡು ಕ್ಲಚ್ ಇರುವ, ತಾನೇ ಗೇರ್ ಬದಲಿಸುವಂಥದ್ದು). ಎಂಜಿನ್ ಸೀಟಿನ ಬೆನ್ನ ಹಿಂದೆ ಇದೆ. ಮುಂದಿನ ಬಾನೆಟ್ ಎತ್ತಿದರೆ ಸಿಗುವುದು ಡಿಕ್ಕಿ! ಪೆಟ್ರೋಲ್ ಬಂಕಿನ ಹುಡುಗರಿಗೆ ಇದನ್ನು ತೋರಿಸುವುದೇ ಒಂದು ಮಜಾ.

ಇದೇ ವರ್ಷದ ಕಾರು ಹುಡುಕಿದ್ದಕ್ಕೂ ಕಾರಣ ಇದೆ. 2008ರವರೆಗಿನ ಎಂಜಿನ್‌ಗಳಲ್ಲಿ ಒಳಗಿನ ಒಂದು ಶಾಫ್ಟನ್ನು ಹೊರುವ ಐಎಂಎಸ್ ಬೇರಿಂಗ್ ಎಂಬ ಭಾಗ ಇತ್ತು. ಅದು ಕೈಕೊಟ್ಟರೆ ಎಂಜಿನ್ನೇ ಹೋದ ಹಾಗೆ. 2009ರಲ್ಲಿ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಇನ್ನು ಎಸ್ ಮಾದರಿಯ 3.4 ಲೀಟರ್ ಎಂಜಿನ್ನಿಗೆ ಪೆಟ್ರೋಲನ್ನು ನೇರ ಸಿಲಿಂಡರಿನೊಳಗೆ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಇದೆ, 2.9ಕ್ಕೆ ಇಲ್ಲ. ಅದಕ್ಕೆ ಬೇಕಾದ ಹೈ ಪ್ರೆಷರ್ ಪಂಪಿನ ರಗಳೆ ಒಂದು ಕಡಿಮೆ.

ಈಗ ಸರ್ವಿಸ್ ಬಾಕಿ ಇದೆ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಸ್ಪಾರ್ಕ್ ಪ್ಲಗ್, ಪಿಡಿಕೆಯ ಕ್ಲಚ್ ಆಯಿಲ್, ಎಲ್ಲ ಒಟ್ಟಿಗೇ ಬಂದಿವೆ. ಹಿಂದಿನ ಮಾಲೀಕರು ಯಾವತ್ತೂ ಅಧಿಕೃತ ಡೀಲರ್ ಬಿಟ್ಟು ಬೇರೆ ಕಡೆ ಹೋದವರಲ್ಲ. ಪುಸ್ತಕದ ತುಂಬ ಸೀಲು. ಅದನ್ನೇ ಮುಂದುವರಿಸಬೇಕಾ, ಅಥವಾ ಗೋವಾದಲ್ಲಿ ಇಂಥ ಕಾರುಗಳನ್ನೇ ನೋಡುವ ಒಂದು ಸ್ವತಂತ್ರ ಗ್ಯಾರೇಜಿಗೆ ಹೋಗಬೇಕಾ ಎನ್ನುವುದು ಈ ವರ್ಷದ ಪ್ರಶ್ನೆ.

ಡೀಲರ್‌ಗೆ ಫೋನ್ ಮಾಡಿದೆ. ಮಾತು, ಮರ್ಯಾದೆ ಎಲ್ಲ ಚೆನ್ನಾಗಿತ್ತು. ಕಾರಿನ ಗುರುತಿನ ವಿಐಎನ್ ನಂಬರ್ ಹೇಳಿದ ಕೂಡಲೇ ಕಾರಿನ ಜಾತಕ ತೆಗೆದು ಓದಿದರು. ಯಾವ ಕೆಲಸ ಯಾವಾಗ ಆಗಿದೆ, ಕಂಪನಿಯ ರೀಕಾಲ್ ಏನಾದರೂ ಬಾಕಿ ಇದೆಯಾ, ಎಲ್ಲ. ಸಂಜೆಗೆ ಎಸ್ಟಿಮೇಟ್ ಬಂತು. ಮೊತ್ತ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ದುಡ್ಡಿಗಿಂತ ದೊಡ್ಡ ಸಮಸ್ಯೆ ದಾರಿ. ಕಾರವಾರದ ಕೋಡಿಬಾಗದಿಂದ ಬೆಂಗಳೂರು 500 ಕಿಲೋಮೀಟರಿಗೂ ಜಾಸ್ತಿ. ಅಂಕೋಲಾ, ಅರಬೈಲ್ ಘಾಟ್, ಯಲ್ಲಾಪುರ, ಹುಬ್ಬಳ್ಳಿ ದಾಟಿ ಹೋಗಬೇಕು. ಹೋಗುವುದು ಖುಷಿಯೇ. ಆದರೆ ಸಣ್ಣದೊಂದು ಪಾರ್ಟ್ ಸ್ಟಾಕ್ ಇಲ್ಲ ಅಂದರೆ ಕಾರು ಅಲ್ಲಿ, ನಾನು ಬಸ್ಸಿನಲ್ಲಿ. ಗೋವಾದ ಗ್ಯಾರೇಜ್ ಇರುವ ಮಡಗಾಂವ್ ಆದರೆ ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ಹೋಗಿ ಎದುರಿಗೇ ನಿಂತು ಕೆಲಸ ಮಾಡಿಸಿ ಸಂಜೆ ಬರಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರಿಗೆ ವಾರಂಟಿ ಇನ್ನೂ ಇದ್ದರೆ ಈ ತಲೆಬಿಸಿಯೇ ಬೇಡ, ಸುಮ್ನೆ ಡೀಲರ್ ಹತ್ತಿರ ಹೋಗಿ. ನನ್ನದು 15 ವರ್ಷದ ಕಾರು. ಅದಕ್ಕೇ ಇಷ್ಟೆಲ್ಲ ಯೋಚನೆ.

ಮೇ

ಗೋವಾದ ಗ್ಯಾರೇಜ್ ನೋಡಿ ಬಂದೆ. ಆಯಿಲ್ ಬದಲಿಸುವ ನೆಪ. ಮಳೆಗಾಲದಲ್ಲಿ ಕಾರು ಹೆಚ್ಚು ಓಡುವುದಿಲ್ಲ, ಹಳೆ ಆಯಿಲ್ ಇಟ್ಟುಕೊಂಡು ನಾಲ್ಕು ತಿಂಗಳು ನಿಲ್ಲಿಸುವುದು ಬೇಡ ಅನಿಸಿತು.

ಹೋಗುವ ಮೊದಲು ಕೇಳಬೇಕಾದ್ದನ್ನೆಲ್ಲ ಚೀಟಿ ಮಾಡಿಕೊಂಡಿದ್ದೆ. ಈ ಸರಣಿಯ ಎಂಜಿನ್ ಎಷ್ಟು ಸಲ ಬಿಚ್ಚಿದ್ದೀರಿ? ಪೋರ್ಷೆಯ ಎ40 ಒಪ್ಪಿಗೆ ಇರುವ ಆಯಿಲ್ಲೇ ಹಾಕುತ್ತೀರಾ? ತೆಗೆದ ಹಳೆ ಪಾರ್ಟ್ ವಾಪಸ್ ಕೊಡುತ್ತೀರಾ? ಜಿಎಸ್‌ಟಿ ಬಿಲ್ ಇದೆಯಾ? ಅವರು ಎಲ್ಲದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟರು. ಆದರೆ ನನಗೆ ನಂಬಿಕೆ ಬಂದದ್ದು ನಾನು ಕೇಳದ ಒಂದು ವಿಷಯದಿಂದ. ಕೊಂಕಣಿಯಲ್ಲಿ ಅವರು ಹೇಳಿದ್ದು ಇಷ್ಟು: "ಪಾತ್ರಾಂವ್, ಹೊಸ ಕೀ ಮಾಡುವುದು, ಇಮೊಬಿಲೈಜರ್ ಕೋಡಿಂಗ್, ಇವು ನನ್ನಿಂದ ಆಗುವುದಿಲ್ಲ. ಅದಕ್ಕೆ ಬೆಂಗಳೂರೇ." ಯಾವುದು ಆಗುವುದಿಲ್ಲ ಅಂತ ಮೊದಲೇ ಹೇಳುವ ಮೆಕ್ಯಾನಿಕ್ ಸಿಗುವುದು ಕಷ್ಟ ಮಾರಾಯ್ರೆ.

ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವುದೇ ಇಮೊಬಿಲೈಜರ್. ಆ ಕೆಲಸ ಅವರಿಂದ ಆಗದಿರುವುದಕ್ಕೆ ಕಾರಣವೂ ಇದೆ. ಕಾರಿನ ಕಂಪ್ಯೂಟರಿಗೆ ಜೋಡಿಸಿ ನೋಡುವ ಪೋರ್ಷೆ ಕಂಪನಿಯ ಟೆಸ್ಟರಿನ ಹೆಸರು ಪಿವಿಸ್. ಹೊರಗಿನ ಗ್ಯಾರೇಜುಗಳ ಬಳಿ ಇರುವ ಸ್ಕ್ಯಾನರ್‌ಗಳು ಎರರ್ ಕೋಡ್ ಓದುತ್ತವೆ, ಅಳಿಸುತ್ತವೆ, ಸುಮಾರು ಕೆಲಸ ಮಾಡುತ್ತವೆ. ಕೀ, ಇಮೊಬಿಲೈಜರ್ ಕೋಡಿಂಗ್ ವಿಷಯ ಬಂದಾಗ ಮಾತ್ರ ಕಂಪನಿ ಕೊಡುವ ಕೋಡ್ ಬೇಕು. ಅಲ್ಲಿ ಸಾಮಾನ್ಯವಾಗಿ ಡೀಲರೇ ಗತಿ.

ಆಯಿಲ್ ಇಳಿಯುತ್ತಿರುವಾಗ ಅವರು ಟಾರ್ಚ್ ಹಿಡಿದು ಕಾರಿನ ಮುಂದೆ ಮಂಡಿಯೂರಿ ಕೂತರು. ಬಂಪರಿನ ಎಡ ಬಾಯಿಯೊಳಗೆ ಎರಡು ಬೆರಳು ಹಾಕಿ ಎಳೆದರು. ಬಂದದ್ದು ಗಾಳಿಮರದ ಸೂಜಿ ಎಲೆ. ಒಣಗಿದ್ದಲ್ಲ, ಒದ್ದೆಯಾಗಿ ಕಪ್ಪಾಗಿ ಉಂಡೆ ಕಟ್ಟಿದ್ದು, ಮಧ್ಯೆ ಮಧ್ಯೆ ಮರಳು. ನಮ್ಮ ಕಾರವಾರದ ಕಡಲತಡಿಯ ಉದ್ದಕ್ಕೂ ಇರುವ ಮರ ಅದೇ ಅಲ್ವಾ? ಈ ಕಾರಿಗೆ ರೇಡಿಯೇಟರ್ ಮುಂದಿನ ಎರಡು ಮೂಲೆಯಲ್ಲಿವೆ, ಪ್ರತಿಯೊಂದರ ಮುಂದೆ ಎಸಿಯ ಗ್ಯಾಸ್ ತಣಿಸುವ ಕಂಡೆನ್ಸರ್. ಬಂಪರಿನ ತೆರೆದ ಬಾಯಿ ನೆಲದ ಮೇಲಿನ ಎಲೆ, ಕಸ ಎಲ್ಲವನ್ನೂ ನುಂಗುತ್ತದೆ. ಅದು ಅಲ್ಲೇ ಕೊಳೆತು, ತೇವ ಹಿಡಿದುಕೊಂಡು, ಅಲ್ಯೂಮಿನಿಯಂ ತಿನ್ನುತ್ತದೆ. ಕಡಲ ಉಪ್ಪೂ ಸೇರಿದರೆ ಕೇಳುವುದೇ ಬೇಡ.

ಕಂಪನಿಯ ಸರ್ವಿಸ್ ಪಟ್ಟಿಯಲ್ಲೂ ಇದು ಇದೆ. ಮುಂದಿನ ರೇಡಿಯೇಟರ್, ಗಾಳಿ ಬರುವ ದಾರಿ, ಕಸ ಕಟ್ಟಿದೆಯಾ ಕಣ್ಣಲ್ಲಿ ನೋಡಿ ಅಂತ. ಒಣ ಊರಿಗೆ ಅಷ್ಟು ಸಾಕು. ನಮ್ಮಲ್ಲಿ ಬಂಪರ್ ಬಿಚ್ಚದೆ ಕಂಡೆನ್ಸರಿಗೂ ರೇಡಿಯೇಟರಿಗೂ ಮಧ್ಯದ ಕಸ ಕಾಣುವುದೇ ಇಲ್ಲ. ನನ್ನ ತಲೆಯಲ್ಲಿ ಪ್ರಶ್ನೆ ಅಲ್ಲೇ ಸ್ವಲ್ಪ ತಿರುಗಿತು. ಸರ್ವಿಸ್ ಪುಸ್ತಕ ಕಿಲೋಮೀಟರ್ ಎಣಿಸುತ್ತದೆ, ವರ್ಷ ಎಣಿಸುತ್ತದೆ. ಮಳೆ, ಉಪ್ಪು ಅದರ ಲೆಕ್ಕಕ್ಕೇ ಬರುವುದಿಲ್ಲ. ನನ್ನ ಕಾರು ಕಿಲೋಮೀಟರಿನಿಂದ ಸವೆಯುತ್ತಿಲ್ಲ, ನಿಂತಲ್ಲೇ ಸವೆಯುತ್ತಿದೆ. ಹಾಗಾದರೆ ಯಾರು ಅದನ್ನು ನೋಡುತ್ತಾರೋ ಅವರೇ ನನಗೆ ಸ್ಪೆಷಲಿಸ್ಟ್.

ಬಂಪರ್ ಬಿಚ್ಚುವ ಕೆಲಸ ಮಳೆಗಾಲ ಮುಗಿದ ಮೇಲೆ ಅಂತ ತೀರ್ಮಾನ. ಆವತ್ತೇ ಮಾಡಿದ್ದು ಟಾಪಿನ ನೀರಿನ ದಾರಿ. ಬಟ್ಟೆ ಟಾಪ್ ಮಡಚಿ ಕೂರುವ ಜಾಗದ ಎರಡೂ ಬದಿಯಲ್ಲಿ ಒಂದೊಂದು ತೂತು ಇರುತ್ತದೆ. ಟಾಪ್ ಅರ್ಧ ಎತ್ತಿದರೆ ಮಾತ್ರ ಕಾಣುತ್ತದೆ. ಮಳೆ ನೀರು ಅದರೊಳಗಿನಿಂದ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಎಲೆ ಕಟ್ಟಿತು ಅಂದರೆ ನೀರು ಕಾರಿನೊಳಗೆ. ಸೀಟಿನ ಕೆಳಗೇ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವುದರಿಂದ ಕಾರ್ಪೆಟ್ ಒದ್ದೆಯಾದರೆ ಕಾರು ಸ್ಟಾರ್ಟೇ ಆಗದೆ ನಿಲ್ಲಬಹುದು. ಅಂದರೆ ಮುಷ್ಟಿ ಎಲೆಯಿಂದಾಗಿ ಬೆಂಗಳೂರಿಗೆ ಹೋಗಬೇಕಾದ ಕೋಡಿಂಗ್ ಕೆಲಸ!

ಮಾಡುವ ರೀತಿ ನೋಡಿಕೊಂಡೆ. ಕಂಪ್ರೆಸರಿನ ಗಾಳಿ ಬಿಡಬಾರದು, ಒಳಗಿನ ಪೈಪ್ ಕಳಚಿಕೊಳ್ಳುತ್ತದೆ. ಹುಲ್ಲು ಕತ್ತರಿಸುವ ಮಷೀನಿನ ನೈಲಾನ್ ದಾರ ಇದೆಯಲ್ಲ, ಅದನ್ನು ಮೆಲ್ಲಗೆ ಇಳಿಸಿ ತಿರುಗಿಸಬೇಕು. ಆಮೇಲೆ ಒಂದು ಲೋಟ ನೀರು ಹೊಯ್ದು ಕೆಳಗೆ ನೋಡಬೇಕು. ಬಲಗಡೆ ಕೂಡಲೇ ಬಂತು. ಎಡಗಡೆ ಮೊದಲು ಕಪ್ಪು ಹನಿ, ಆಮೇಲೆ ಒಂದೇ ಸಲಕ್ಕೆ ಧಾರೆ. ಈ ಕೆಲಸಕ್ಕೆ ಅವರು ದುಡ್ಡು ತಗೊಳ್ಳಲಿಲ್ಲ. "ಇದನ್ನು ನೀವೇ ಮನೆಯಲ್ಲಿ ಮಾಡಿ" ಅಂದರು.

ಜೂನ್ ಇಂದ ಆಗಸ್ಟ್

ಬರೆಯುವಂಥದ್ದು ಜಾಸ್ತಿ ಇಲ್ಲ. ಮಳೆ. ಕಾರು ಶೆಡ್ಡಿನಲ್ಲಿ, ಬ್ಯಾಟರಿಗೆ ಚಾರ್ಜರ್. ನೀರಿನ ದಾರಿಗೆ ಆಗಾಗ ನೈಲಾನ್ ದಾರ. ಕಾರ್ಪೆಟ್ ಒಣ. ಪೂರ್ತಿ ಮುಚ್ಚುವ ಕವರ್ ತೆಗೆದುಬಿಟ್ಟೆ, ಅದರೊಳಗೆ ತೇವ ನಿಂತು ಟಾಪಿಗೆ ಬೂಸು ಹಿಡಿಯುತ್ತಿತ್ತು.

ಕೂತು ಓದಲು ಸಮಯ ಸಿಕ್ಕಿತು. ಸ್ವತಂತ್ರ ಗ್ಯಾರೇಜುಗಳಿಗೆ ಪಾರ್ಟ್ ಸಿಗುವುದೇ ಕಷ್ಟ ಅನ್ನುವ ದೂರು ಹಳೆಯದು. ನಮ್ಮ ದೇಶದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ ಇದೇ ವಿಷಯಕ್ಕೆ 14 ಕಾರ್ ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಮಿಕ್ಕಿ ದಂಡ ಹಾಕಿತ್ತು. ಬಿಡಿಭಾಗ, ಟೆಸ್ಟರ್ ಹೊರಗಿನವರಿಗೆ ಸಿಗದಂತೆ ಮಾಡಿದ್ದು ತಪ್ಪು ಎನ್ನುವುದು ಅದರ ಮಾತು. ಆ ಪಟ್ಟಿಯಲ್ಲಿ ಪೋರ್ಷೆ ಇರಲಿಲ್ಲ. ಪ್ರಕರಣ ಆಮೇಲೆ ಮೇಲ್ಮನವಿಗೂ ಹೋಯಿತು. ಮುಂದೆ ಡಿಸೆಂಬರ್ 2022ರಲ್ಲಿ ಕೇಂದ್ರದ ಗ್ರಾಹಕ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಕಾಗದದ ಮೇಲೆ ಗಾಳಿ ನಮ್ಮ ಕಡೆ ಬೀಸುತ್ತಿದೆ. ಆದರೂ 2010ರ ಬಾಕ್ಸ್‌ಸ್ಟರಿನ ಒಂದು ರಬ್ಬರ್ ಸೀಲ್ ಬೇಕಾದರೆ ಇವತ್ತಿಗೂ ಹೊರದೇಶದಿಂದ ಬರುವುದನ್ನು ಕಾಯಬೇಕು. ಡೀಲರ್ ಆದರೂ ಅಷ್ಟೇ, ಹೊರಗಿನವರಾದರೂ ಅಷ್ಟೇ.

ಸೆಪ್ಟೆಂಬರ್ ಕೊನೆ

ದೊಡ್ಡ ಕೆಲಸ ಆಯಿತು. ಬಿಡಿಭಾಗದ ಬಿಲ್ ಬೇಕಂತಲೇ 22ನೇ ತಾರೀಕಿನ ನಂತರ ಮಾಡಿಸಿದೆ. ಆವತ್ತಿನಿಂದ ಕಾರಿನ ಬಿಡಿಭಾಗಕ್ಕೆ ಜಿಎಸ್‌ಟಿ 28 ಇದ್ದದ್ದು 18ಕ್ಕೆ ಇಳಿದಿದೆ. ಇಂಥ ಕಾರಿಗೆ ಅದು ಸಣ್ಣ ದುಡ್ಡಲ್ಲ.

ಕಾಳಿ ಸೇತುವೆ ದಾಟಲು ಬೆಳಿಗ್ಗೆ ಬೇಗ ಹೊರಟೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೇ ಸೇತುವೆ ಬಿದ್ದ ಮೇಲೆ ಸದಾಶಿವಗಡದ ಕಡೆ ಹೋಗುವವರಿಗೂ ಬರುವವರಿಗೂ ಹೊಸ ಸೇತುವೆಯೇ ಗತಿ. ಹಂಪ್ಸ್ ಹತ್ತುವಾಗ ಕೆಳಗೆ ಉಜ್ಜದ ಹಾಗೆ ಓರೆಯಾಗಿ ಹತ್ತಿಸಬೇಕು, ಹಿಂದಿನ ಲಾರಿಯವರು ಹಾರ್ನ್ ಹೊಡೆಯುತ್ತಲೇ ಇರುತ್ತಾರೆ.

ಬಂಪರ್ ಬಿಚ್ಚಿದಾಗ ಬಲಗಡೆ ಕಂಡೆನ್ಸರ್ ಪರವಾಗಿಲ್ಲ. ಎಡಗಡೆಯದರ ಕೆಳಗಿನ ಮೂಲೆಯಲ್ಲಿ ತೆಳು ತಗಡಿನ ಫಿನ್ ಎಲ್ಲ ಬಿಳಿ ಪುಡಿ. ಉಗುರಿನಿಂದ ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತಿತ್ತು. ಗ್ಯಾಸ್ ಇನ್ನೂ ಸೋರುತ್ತಿಲ್ಲ. ಇನ್ನೊಂದು ಬೇಸಿಗೆ ತಡೆಯಬಹುದು, ತಡೆಯದೆಯೂ ಇರಬಹುದು. ಎಡಗಡೆಯದು ಮಾತ್ರ ಬದಲಿಸೋಣ, ಬಲಗಡೆ ತೊಳೆದು ಬಿಡೋಣ ಅಂದರು. ಎರಡೂ ಮಾರಬಹುದಿತ್ತು, ಮಾರಲಿಲ್ಲ. ಹೊಸದು ಬರುವ ತನಕ ಹಳೆಯದನ್ನೇ ತೊಳೆದು ಕೂರಿಸಿದ್ದಾರೆ. ಅದು ಬಂದಾಗ ಎರಡೂ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನೂ ಹಾಕಿಸುತ್ತೇನೆ.

ಸ್ಪಾರ್ಕ್ ಪ್ಲಗ್ ಕೆಳಗಿನಿಂದ, ಪಕ್ಕದಿಂದ ಕೈ ಹಾಕಿ ತೆಗೆಯಬೇಕು. ಪ್ಲಗ್ಗಿಗೆ ಕರೆಂಟ್ ಕೊಡುವ ಆರು ಕಾಯಿಲುಗಳಲ್ಲಿ ಒಂದರ ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಸೈಲೆನ್ಸರಿನ ಕಾವಿಗೆ ಹೀಗಾಗುವುದು ಮಾಮೂಲು. ನಿಜವಾದ ಕಷ್ಟ ಬೋಲ್ಟುಗಳದ್ದು. ಎಂಜಿನ್ನಿನ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟುಗಳು ತುಕ್ಕು ಹಿಡಿದು ಅರ್ಧ ಗಾತ್ರಕ್ಕೆ ಬಂದಿವೆ. ಅವಸರದಲ್ಲಿ ತಿರುಗಿಸಿದರೆ ಎಂಜಿನ್ ಹೆಡ್ಡಿನೊಳಗೇ ಮುರಿದು ಉಳಿಯುತ್ತವೆ. ಅವರು ಮುಟ್ಟಲೇ ಇಲ್ಲ. "ಸೋರುತ್ತಿಲ್ಲ ಅಲ್ವಾ, ಹಾಗಾದರೆ ಕೆಣಕುವುದು ಬೇಡ." ಗಂಟೆ ಲೆಕ್ಕದಲ್ಲಿ ಲೇಬರ್ ಹಾಕುವವರಿಗೆ ಕೆಣಕಿದರೇ ಲಾಭ ಇತ್ತು.

ಬ್ರೇಕ್ ಆಯಿಲಿನ ವಿಷಯದಲ್ಲಿ ನಾನು ಹಟಮಾರಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಹೀರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಪುಸ್ತಕ ಹೇಳುವುದು 2 ವರ್ಷ. ಅರಬೈಲ್ ಘಾಟ್ ಇಳಿಯುವವನು ಒಂದು ದಿನವೂ ಮುಂದೆ ಹಾಕಬಾರದು.

ಪಾರ್ಟಿನ ಪೆಟ್ಟಿಗೆಗಳ ಬಗ್ಗೆ ಒಂದು ಮಾತು. ಫಿಲ್ಟರ್ ಮಾಹ್ಲೆ, ಪ್ಲಗ್ ಬಾಷ್. ಕಂಪನಿಯ ಪೆಟ್ಟಿಗೆಯಲ್ಲಿ ಬರುವ ಎಷ್ಟೋ ಭಾಗಗಳನ್ನು ಮಾಡುವವರೂ ಇಂಥವರೇ, ಹೊರಗಿನ ಹೆಸರು ಮಾತ್ರ ಬೇರೆ. ಅದಕ್ಕೆ ಹೆಚ್ಚು ದುಡ್ಡು ಕೊಡುವುದಿಲ್ಲ. ಟೈರ್ ಮಾತ್ರ ಹಾಗಲ್ಲ. ಪೋರ್ಷೆ ಒಪ್ಪಿದ ಟೈರಿನ ಪಕ್ಕದಲ್ಲಿ ಎನ್ ಅಕ್ಷರದ ಗುರುತು ಇರುತ್ತದೆ. ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಅಳತೆ ಇರುವ ಕಾರಿಗೆ ಆ ಗುರುತು ನೋಡಿಯೇ ತಗೊಳ್ಳುವುದು ಒಳ್ಳೆಯದು.

ಬಿಲ್ ಡೀಲರಿನ ಎಸ್ಟಿಮೇಟಿಗಿಂತ ತುಂಬಾ ಕಡಿಮೆಯೇ. ಆದರೆ ನೇರವಾಗಿ ಹೋಲಿಸುವಂತಿಲ್ಲ. ಅದರಲ್ಲಿದ್ದ ಪಿಡಿಕೆ ಇದರಲ್ಲಿಲ್ಲ, ಇದರಲ್ಲಿರುವ ಬಂಪರ್ ಕೆಲಸ ಅದರಲ್ಲಿರಲಿಲ್ಲ.

ಅಕ್ಟೋಬರ್

ಉಳಿದದ್ದು ಪಿಡಿಕೆ. ಈ ಗೇರ್‌ಬಾಕ್ಸ್ ಜೆಡ್‌ಎಫ್ ಮಾಡಿದ್ದು, ಒಳಗೆ ಎರಡು ಬೇರೆ ಬೇರೆ ಎಣ್ಣೆ. ಕ್ಲಚ್ ಕಡೆಯದ್ದು 90,000 ಕಿಲೋಮೀಟರ್ ಅಥವಾ 6 ವರ್ಷಕ್ಕೆ, ಗೇರ್ ಕಡೆಯದ್ದು ಅದರ ಎರಡರಷ್ಟಕ್ಕೆ. ಟೆಸ್ಟರ್ ಹಾಕಿ ಗೇರ್‌ಬಾಕ್ಸನ್ನು ಎಣ್ಣೆ ತುಂಬುವ ಮೋಡ್‌ಗೆ ತರಬೇಕು, ಎಣ್ಣೆ ನಿಗದಿತ ಬಿಸಿಯಲ್ಲಿದ್ದಾಗ ಮಟ್ಟ ನೋಡಬೇಕು. ಗೋವಾದವರ ಸ್ಕ್ಯಾನರಿಗೆ ಇದು ಬರುತ್ತದೆ, ಮಾಡಿಯೂ ಗೊತ್ತು.

ಆದರೂ ಇದನ್ನು ಡೀಲರ್‌ಗೇ ಕೊಡುತ್ತಿದ್ದೇನೆ. ಆಮೇಲೆ ಕ್ಲಚ್ ಕ್ಯಾಲಿಬ್ರೇಷನ್ ಬೇಕಾದರೆ ಪಿವಿಸ್ ಪಕ್ಕದಲ್ಲೇ ಇರಲಿ ಎನ್ನುವುದು ಒಂದು. ಇನ್ನೊಂದು, ನಾಳೆ ಕಾರು ಮಾರುವಾಗ ಕೊಳ್ಳುವವರು ಮೊದಲು ಕೇಳುವುದೇ ಪಿಡಿಕೆ. ಅಲ್ಲಿ ಗೋವಾದ ಬಿಲ್ಲಿಗಿಂತ ಡೀಲರ್ ದಾಖಲೆಗೆ ಬೆಲೆ ಜಾಸ್ತಿ. ಗೋವಾದವರಿಗೆ ಇದನ್ನು ಹೇಳಿದೆ, ಬೇಸರ ಮಾಡಿಕೊಳ್ಳಲಿಲ್ಲ. ಹೋಗುವಾಗ ಹಿಂದಿನ ಸಸ್ಪೆನ್ಷನ್ ಆರ್ಮಿನ ಬೋಲ್ಟ್ ತಿರುಗುತ್ತದಾ ನೋಡಿಸಿಕೊಳ್ಳಿ, ಚಕ್ರದ ಅಲೈನ್‌ಮೆಂಟ್ ಮಾಡುವಾಗ ಅವು ಕಚ್ಚಿಕೊಂಡಿದ್ದರೆ ಕಷ್ಟ ಅಂದರು. ಅದನ್ನೂ ಜಾಬ್ ಕಾರ್ಡಿನಲ್ಲಿ ಬರೆಸುತ್ತೇನೆ.

ನವೆಂಬರಿನಲ್ಲಿ ಬೆಂಗಳೂರಲ್ಲಿ ಚಿಕ್ಕಮ್ಮನ ಮಗಳ ಮದುವೆ. ಕಾರು ಅದೇ ವಾರಕ್ಕೆ ಬುಕ್ ಆಗಿದೆ. ಎಡಗಡೆ ಕಂಡೆನ್ಸರ್ ಇನ್ನೂ ಬಂದಿಲ್ಲ. ಬಂದರೆ ಜಾಲರಿಯ ಅಳತೆ, ಕೂರಿಸುವ ಕ್ರಮ ಮುಂದಿನ ಕಂತಿನಲ್ಲಿ ಬರೆಯುತ್ತೇನೆ.