ರೂಸ್‌ವೆಲ್ಟ್ ದ್ವೀಪದ ಫೋರ್ ಫ್ರೀಡಮ್ಸ್ ಪಾರ್ಕ್: ಶಾಲಾ ಮಕ್ಕಳ ಜೊತೆ ಹೋಗುವವರಿಗೆ

ಫೋರ್ ಫ್ರೀಡಮ್ಸ್ ಅಂದರೆ ‘ನಾಲ್ಕು ಸ್ವಾತಂತ್ರ್ಯಗಳು’; ಈ ಪಾರ್ಕ್ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸ್ಮಾರಕ. ಮೊದಲು ದಾರಿಯ ವಿಷಯ. ನ್ಯೂಯಾರ್ಕಿನ ರೂಸ್‌ವೆಲ್ಟ್ ದ್ವೀಪ ಇರುವುದು ಮ್ಯಾನ್‌ಹಟನ್ ಮತ್ತು ಕ್ವೀನ್ಸ್ ನಡುವೆ, ಈಸ್ಟ್ ರಿವರ್‌ನಲ್ಲಿ. ಕ್ವೀನ್ಸ್‌ಬರೋ ಸೇತುವೆ ದ್ವೀಪದ ಮೇಲೇ ಹಾದುಹೋಗುತ್ತದೆ, ಆದರೆ ವಾಹನಕ್ಕೆ ಅಲ್ಲಿಂದ ಇಳಿಯಲು ದಾರಿಯಿಲ್ಲ. ಶಾಲೆಯ ಬಸ್ಸು ಕ್ವೀನ್ಸ್ ಕಡೆಯಿಂದ ರೂಸ್‌ವೆಲ್ಟ್ ಐಲ್ಯಾಂಡ್ ಸೇತುವೆ ದಾಟಿಯೇ ಬರಬೇಕು. ಡ್ರೈವರಿಗೆ ಇದನ್ನು ಮುಂಚೆಯೇ ಹೇಳಿಡಿ.

ಮಗಳ ತರಗತಿಯ ಜೊತೆ ಉಸ್ತುವಾರಿಗೆ ಹೋದಾಗ ನಾವು ಹಿಡಿದದ್ದು ಟ್ರಾಮ್, ಅಂದರೆ ಹಗ್ಗಕ್ಕೆ ತೂಗುಬಿಟ್ಟ ಕೇಬಲ್ ಕಾರ್. 59ನೇ ಬೀದಿಯಲ್ಲಿ, ಸೆಕೆಂಡ್ ಅವೆನ್ಯೂ ಹತ್ತಿರ ಹತ್ತಬೇಕು. 1976ರಿಂದ ಓಡುತ್ತಿದೆ. ಸಬ್‌ವೇ ಅನ್ನುವ ನೆಲದಡಿಯ ರೈಲಿಗೆ ಕೊಡುವಷ್ಟೇ ದುಡ್ಡು. ಹಗ್ಗದ ಮೇಲೆ ನಾಲ್ಕೈದು ನಿಮಿಷ ತೇಲುತ್ತಾ ಹೋಗುವುದೆಂದರೆ ಮಕ್ಕಳಿಗೆ ಅರ್ಧ ಟ್ರಿಪ್ ಅಲ್ಲೇ ಮುಗಿದಂತೆ! ಪ್ರವಾಸಿಗರ ನೂಕುನುಗ್ಗಲು ಇರುತ್ತದೆ. ತರಗತಿಯನ್ನು ಎರಡು ಗುಂಪು ಮಾಡಿ, ಒಬ್ಬ ದೊಡ್ಡವರು ಮೊದಲೇ ಆಚೆ ದಡಕ್ಕೆ ಹೋಗಿ ನಿಂತಿರಲಿ. ವಾಪಸ್ ಬರಲು ಸಬ್‌ವೇಯ ಎಫ್ ರೈಲು ಸಾಕು.

ಟ್ರಾಮ್ ಇಳಿದು ದಕ್ಷಿಣಕ್ಕೆ ಹದಿನೈದು, ಇಪ್ಪತ್ತು ನಿಮಿಷ ನಡಿಗೆ. ದ್ವೀಪದೊಳಗೆ ಓಡುವ ಕೆಂಪು ಬಸ್ಸು ಪುಕ್ಕಟೆ. ಪಾರ್ಕಿಗೂ ಟಿಕೆಟ್ ಇಲ್ಲ. ಮಂಗಳವಾರ ಮುಚ್ಚುವ ರೂಢಿ ಇದೆ, ದಿನ ಗೊತ್ತು ಮಾಡುವ ಮುಂಚೆ ವಿಚಾರಿಸಿಕೊಳ್ಳಿ.

ಪಾರ್ಕಿಗೆ ಸ್ವಲ್ಪ ಮೊದಲು ಹಳೆಯ ಸಿಡುಬಿನ ಆಸ್ಪತ್ರೆ ಸಿಗುತ್ತದೆ. 1856ರದ್ದು, ಈಗ ಬರೀ ಗೋಡೆಗಳು. ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ, ಅವಸರ ಮಾಡಬೇಡಿ. ಒಂದು ಕಾಲಕ್ಕೆ ಈ ದ್ವೀಪದಲ್ಲಿ ಜೈಲು, ಹುಚ್ಚಾಸ್ಪತ್ರೆ ಎಲ್ಲ ಇದ್ದವು. ಊರಿಗೆ ಬೇಡವಾದವರನ್ನು ಹೊಳೆಯಾಚೆ ಇಡುತ್ತಿದ್ದರು. ಸ್ವಾತಂತ್ರ್ಯದ ಮಾತು ತೆಗೆಯಲು ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಪಾರ್ಕನ್ನು ರೂಪಿಸಿದವರು ಲೂಯಿ ಕಾನ್, ಅಹಮದಾಬಾದಿನ ಐಐಎಂ ಕಟ್ಟಡಗಳ ವಾಸ್ತುಶಿಲ್ಪಿ. 1974ರಲ್ಲಿ ಅವರು ತೀರಿಕೊಂಡರು, ಪಾರ್ಕ್ ತೆರೆದದ್ದು 2012ರಲ್ಲಿ. ಮೆಟ್ಟಿಲು ಹತ್ತಿದರೆ ಹುಲ್ಲುಹಾಸು, ಎರಡೂ ಕಡೆ ಲಿಂಡನ್ ಮರಗಳ ಸಾಲು. ಹುಲ್ಲುಹಾಸು ಮುಂದೆ ಹೋದಷ್ಟೂ ಕಿರಿದಾಗುತ್ತದೆ. ಕೊನೆಯಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ದೊಡ್ಡ ತಲೆ. ಅದರ ಹಿಂದೆ, ಚಾವಣಿಯಿಲ್ಲದ ಗ್ರಾನೈಟ್ ಕೋಣೆ. ಅಲ್ಲಿ ರೂಸ್‌ವೆಲ್ಟ್ ಅವರ 1941ರ ಜನವರಿ 6ರ ಭಾಷಣದ ಭಾಗ ಕೆತ್ತಿದ್ದಾರೆ: ಮಾತಿನ ಸ್ವಾತಂತ್ರ್ಯ, ತಮ್ಮ ದೇವರನ್ನು ತಮ್ಮ ರೀತಿಯಲ್ಲಿ ಪೂಜಿಸುವ ಸ್ವಾತಂತ್ರ್ಯ, ಕೊರತೆಯಿಂದ ಮುಕ್ತಿ, ಭಯದಿಂದ ಮುಕ್ತಿ.

ಭಾಷಣದ ಈ ಭಾಗವನ್ನು ಹಿಂದಿನ ದಿನ ತರಗತಿಯಲ್ಲೇ ಓದಿಸಿರಬೇಕು. ಇಲ್ಲದಿದ್ದರೆ ಕೋಣೆಗೆ ಬಂದವರು ಸುಮ್ನೆ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ‘ಭಯ’ ಅಂದರೆ ಏನು ಅಂತ ಕೇಳಿ ನೋಡಿ. ನಮ್ಮ ಗುಂಪಿನ ಮಕ್ಕಳು ಪರೀಕ್ಷೆ, ಕತ್ತಲೆ, ಶಾಲೆಯಲ್ಲಿ ಗುಂಡಿನ ದಾಳಿ ಅಂದರು. ರೂಸ್‌ವೆಲ್ಟ್ ಹೇಳಿದ್ದು ಶಸ್ತ್ರಾಸ್ತ್ರ ಕಡಿಮೆ ಮಾಡುವ ಬಗ್ಗೆ. ಯಾವ ದೇಶವೂ ನೆರೆಯ ದೇಶದ ಮೇಲೆ ಏರಿಹೋಗಲು ಆಗಬಾರದು ಅಂತ. ಆಮೇಲೆ ಹೊಳೆಯಾಚೆ ಕಾಣುವ ವಿಶ್ವಸಂಸ್ಥೆಯ ಕಟ್ಟಡ ತೋರಿಸಿ. 1948ರ ಮಾನವ ಹಕ್ಕುಗಳ ಘೋಷಣೆಯ ಪೀಠಿಕೆಯಲ್ಲಿ ಈ ನಾಲ್ಕೂ ಬರುತ್ತವೆ. ಅದನ್ನು ಬರೆದ ಸಮಿತಿಯ ಅಧ್ಯಕ್ಷೆ ಎಲೀನರ್ ರೂಸ್‌ವೆಲ್ಟ್, ಈ ಅಧ್ಯಕ್ಷರ ಹೆಂಡತಿ.

ಒಬ್ಬ ಹುಡುಗಿ ಅಲ್ಲೇ ಕೇಳಿದಳು: ‘ಜಪಾನಿ ಮೂಲದವರನ್ನು ಕ್ಯಾಂಪಿಗೆ ಹಾಕಿದ್ದೂ ಇವರೇ ಅಲ್ವಾ?’ ಹೌದು. ಭಾಷಣವಾಗಿ ಒಂದು ವರ್ಷ ಚಿಲ್ಲರೆ ಕಳೆದ ಮೇಲೆ, 1942ರ ಫೆಬ್ರವರಿ 19ರಂದು, ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಇದಕ್ಕೆ ದಾರಿ ಮಾಡಿಕೊಟ್ಟ 9066ನೇ ಆದೇಶಕ್ಕೆ ಸಹಿ ಹಾಕಿದವರು ಇವರೇ. ಸುಮಾರು 1,20,000 ಜನ ಮನೆ ಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಈ ಪ್ರಶ್ನೆ ಬಾರದಿದ್ದರೆ ನೀವೇ ಎತ್ತಿ. ಸ್ಮಾರಕಕ್ಕೆ ಬಂದು ಹೊಗಳಿಕೆ ಮಾತ್ರ ಕೇಳಿಸಿಕೊಂಡು ಹೋಗುವುದಾದರೆ ಇಷ್ಟು ದೂರ ಬರುವುದು ಯಾಕೆ? ಕೋಣೆಗೆ ಕನಿಷ್ಠ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಊಟ, ಆಟ ಎಲ್ಲ ಅದಕ್ಕೆ ಮುಂಚೆ, ಪಕ್ಕದ ಸೌತ್‌ಪಾಯಿಂಟ್ ಪಾರ್ಕಿನಲ್ಲಿ ಮುಗಿಯಲಿ.

ಗಾಲಿಕುರ್ಚಿಯ ಮಗು ಇದ್ದರೆ ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿಯವರೆಗೆ ಹೋಗಬಹುದು ಅಂತ ಪಾರ್ಕಿನವರಿಗೆ ಮೊದಲೇ ಫೋನ್ ಮಾಡಿ. ಎದುರಿಗೆ ಸಿಗುವುದು ಅಗಲವಾದ ಮೆಟ್ಟಿಲುಗಳು. 1921ರಲ್ಲಿ ಪೋಲಿಯೊ ಎನ್ನಿಸಿಕೊಂಡ ಕಾಯಿಲೆಯಿಂದ ಕಾಲಿನ ಬಲ ಕಳೆದುಕೊಂಡವರ ಸ್ಮಾರಕ ಇದು. ಮಕ್ಕಳು ಈ ವಿಚಿತ್ರವನ್ನು ಗಮನಿಸದೆ ಬಿಡುವುದಿಲ್ಲ.

ಕೋಣೆಯಲ್ಲಿ ನೆರಳಿಲ್ಲ, ಹೊಳೆಯ ಗಾಳಿ ಜೋರು. ಏಪ್ರಿಲ್‌ನಲ್ಲೂ ಜಾಕೆಟ್ ಬೇಕು. ಹಾಳೆ ಕೊಟ್ಟರೆ ಹಾರಿಹೋಗುತ್ತದೆ, ಕ್ಲಿಪ್ ಇರುವ ರಟ್ಟು ಕೊಡಿ. ನೀರಿನ ಅಂಚಿನಲ್ಲಿ ಒಬ್ಬ ದೊಡ್ಡವರು ಕೊನೆಯವರೆಗೂ ನಿಂತಿರಲಿ.