ಬಿದ್ದರೆ ಏನಾಗುತ್ತೆ? ಪ್ರಿನ್ಸ್ ಆಫ್ ಪರ್ಷಿಯಾ ಆಟಗಳನ್ನು ನಾನು ಅಳೆಯುವ ರೀತಿ

ಪ್ರಿನ್ಸ್ ಆಫ್ ಪರ್ಷಿಯಾ ಅನ್ನುವ ವಿಡಿಯೋ ಗೇಮ್ ಸರಣಿಯ ಆಟಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಯಾರಾದರೂ ಕೇಳಿದರೆ ನಾನು ಗ್ರಾಫಿಕ್ಸ್ ನೋಡುವುದಿಲ್ಲ, ಕತ್ತಿವರಸೆ ನೋಡುವುದಿಲ್ಲ, ಕಥೆಯ ಮಾತೂ ಆಮೇಲೆ. ನನ್ನದು ಒಂದೇ ಪ್ರಶ್ನೆ. ಈ ಆಟದಲ್ಲಿ ರಾಜಕುಮಾರ ಬಿದ್ದರೆ ಏನಾಗುತ್ತೆ? ಓಡುವುದು, ಜಿಗಿಯುವುದು, ಅಂಚು ಹಿಡಿದು ನೇತಾಡುವುದು ಎಲ್ಲ ಆಟಗಳಲ್ಲೂ ಇದೆ. ಆದರೆ ಕೈ ತಪ್ಪಿ ಬಿದ್ದಾಗ ಏನು ಕಳೆದುಕೊಳ್ಳುತ್ತೀರಿ ಅನ್ನುವುದು ಮಾತ್ರ ಪ್ರತಿ ಸಲವೂ ಬೇರೆ, ಮತ್ತು ಅದು ಬದಲಾದ ಕೂಡಲೇ ನೀವು ಆಡುವ ರೀತಿಯೂ ಬದಲಾಗುತ್ತದೆ.

ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೋಟೆಯಲ್ಲಿ ತುಪ್ಪದ ಕೊಳದ ಬತೇರಿಗೆ ಹೋಗಬೇಕಾದರೆ ಬಂಡೆಯಲ್ಲಿ ಕೊರೆದ ಸಣ್ಣ ಗುಳಿಗಳೇ ಮೆಟ್ಟಿಲು. ಹತ್ತುವಾಗ ಏನೂ ಅನಿಸುವುದಿಲ್ಲ, ಇಳಿಯುವಾಗ ಪ್ರತಿ ಹೆಜ್ಜೆಗೂ ಕಾಲು ತಡಕಾಡುತ್ತದೆ. ನಾವೆಲ್ಲ ಕೋತಿರಾಜು ಅಂತ ಕರೆಯುವ ಜ್ಯೋತಿರಾಜ್ ಬರಿಗೈಯಲ್ಲಿ ಕೋಟೆಗೋಡೆ ಏರುವುದನ್ನು ನೋಡಿದ್ದರೆ, ಅವರು ಒಂದು ಸಂದಿಯಿಂದ ಇನ್ನೊಂದಕ್ಕೆ ಕೈ ಹಾಕುವಾಗ ಕೆಳಗೆ ನಿಂತವರ ಮಾತು ಹೇಗೆ ನಿಂತುಹೋಗುತ್ತದೆ ಅಂತ ಗೊತ್ತಿರುತ್ತದೆ. ಆ ಕ್ಷಣ ಆಟದಲ್ಲಿ ಬರಬೇಕು. ಬರದಿದ್ದರೆ ಅದು ಬರೀ ಓಟ.

ಮೊದಲ ಆಟದಲ್ಲಿ ಅದು ಹೆಜ್ಜೆ ಹೆಜ್ಜೆಗೂ ಬರುತ್ತದೆ. ಜೋರ್ಡನ್ ಮೆಕ್ನರ್ 1989ರಲ್ಲಿ ಇದನ್ನು ಆಪಲ್ 2 ಕಂಪ್ಯೂಟರಿಗೆ ಮಾಡಿದರು. ತನ್ನ ತಮ್ಮನಾದ ಡೇವಿಡ್ ಓಡುವುದನ್ನು, ಜಿಗಿಯುವುದನ್ನು, ಹತ್ತುವುದನ್ನು ವಿಡಿಯೋ ತೆಗೆದು, ಒಂದೊಂದೇ ಫ್ರೇಮ್ ನೋಡಿಕೊಂಡು ಚಿತ್ರ ಬಿಡಿಸಿದರು. ಅದಕ್ಕೇ ಆ ಪುಟ್ಟ ಮನುಷ್ಯನಿಗೆ ತೂಕ ಇದೆ. ಓಡುತ್ತಿದ್ದವನು ಗಕ್ಕನೆ ನಿಲ್ಲುವುದಿಲ್ಲ, ಸ್ವಲ್ಪ ಜಾರಿ ನಿಲ್ಲುತ್ತಾನೆ. ತಿರುಗುವುದಕ್ಕೂ ಹೊತ್ತು ತೆಗೆದುಕೊಳ್ಳುತ್ತಾನೆ. ನಾವು ಆಡಿದ್ದು ಡಾಸ್ ಇದ್ದ ಹಳೆಯ ಪಿಸಿಯಲ್ಲಿ, 90ರ ದಶಕದಲ್ಲಿ, ವರ್ಡ್‌ಸ್ಟಾರ್ ಮತ್ತು ಲೋಟಸ್ ಕಲಿಯಲು ಸೇರಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ. ಸರ್ ಊಟಕ್ಕೆ ಹೋದ ಕೂಡಲೇ ಫ್ಲಾಪಿ ಹೊರಗೆ ಬರುತ್ತಿತ್ತು.

ನಿಯಮ ಸರಳ. ಒಂದು ಅಂತಸ್ತು ಬಿದ್ದರೆ ಏನೂ ಆಗುವುದಿಲ್ಲ. ಎರಡು ಅಂತಸ್ತು ಬಿದ್ದರೆ ಪರದೆಯ ಕೆಳಗೆ ಜೀವ ತೋರಿಸುವ ಕೆಂಪು ತ್ರಿಕೋನಗಳಲ್ಲಿ ಒಂದು ಹೋಗುತ್ತದೆ. ಮೂರು ಬಿದ್ದರೆ ಸತ್ತ. ಸತ್ತರೆ ಆ ಲೆವೆಲ್ಲನ್ನು ಮೊದಲಿನಿಂದ ಆಡಬೇಕು, ಆದರೆ ಗಡಿಯಾರ ಹಿಂದಕ್ಕೆ ಹೋಗುವುದಿಲ್ಲ. ಇಡೀ ಆಟಕ್ಕೆ ಇರುವುದು 60 ನಿಮಿಷ, ಅಷ್ಟರಲ್ಲಿ ರಾಜಕುಮಾರಿಯನ್ನು ಬಿಡಿಸಬೇಕು. ಅಂದರೆ ನೀವು ಬಿದ್ದಾಗ ಹೋಗುವುದು ಜೀವ ಅಲ್ಲ, ಸಮಯ. ನಿಧಾನ ಮಾಡಿದರೆ ನಿಮಿಷ ಓಡುತ್ತದೆ, ಅವಸರ ಮಾಡಿದರೆ ಬೀಳುತ್ತೀರಿ, ಬಿದ್ದರೆ ಇನ್ನೂ ಜಾಸ್ತಿ ನಿಮಿಷ ಹೋಗುತ್ತದೆ. ಶಿಫ್ಟ್ ಒತ್ತಿಕೊಂಡು ಒಂದೊಂದೇ ಹೆಜ್ಜೆ ಇಟ್ಟು ಅಂಚಿಗೆ ಬಂದು ನಿಂತು, ಎದುರಿನ ಕಲ್ಲು ಅಲುಗಾಡುತ್ತದಾ ಅಂತ ನೋಡುವ ಆ ಹೊತ್ತಿನಲ್ಲಿ ನಾಲ್ಕು ಜನ ಕೀಬೋರ್ಡಿನ ಸುತ್ತ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆವು.

ಈ ಆಟ ಬೀಳುವುದರ ಬಗ್ಗೆ ಎಷ್ಟು ಯೋಚನೆ ಮಾಡಿದೆ ಅಂದರೆ ಕಥೆಯನ್ನೂ ಅದರಲ್ಲೇ ಹೇಳುತ್ತದೆ. ನಾಲ್ಕನೇ ಲೆವೆಲ್ಲಿನಲ್ಲಿ ಕನ್ನಡಿಯೊಳಗೆ ಜಿಗಿದಾಗ ನಿಮ್ಮ ನೆರಳು ನಿಮ್ಮಿಂದ ಕಿತ್ತುಕೊಂಡು ಓಡಿಹೋಗುತ್ತದೆ. ಆಪಲ್ 2ರ ಮೆಮೊರಿಯಲ್ಲಿ ಹೊಸ ಪಾತ್ರಕ್ಕೆ ಜಾಗವೇ ಉಳಿದಿರಲಿಲ್ಲ, ಹಾಗಾಗಿ ರಾಜಕುಮಾರನ ಚಿತ್ರಗಳನ್ನೇ ಸ್ವಲ್ಪ ಸರಿಸಿ ಒಂದರ ಮೇಲೊಂದು ಇಟ್ಟು ಆ ಮಿನುಗುವ ನೆರಳನ್ನು ಹುಟ್ಟಿಸಿದರು. ಆರನೇ ಲೆವೆಲ್ಲಿನ ಕೊನೆಯಲ್ಲಿ ನೀವು ಜಿಗಿಯುವ ಹೊತ್ತಿಗೆ ಸರಿಯಾಗಿ ಅದೇ ನೆರಳು ಬಂದು ಗೇಟು ಮುಚ್ಚುತ್ತದೆ, ನೀವು ಕೆಳಗೆ. ಏಳನೇ ಲೆವೆಲ್ ಶುರುವಾಗುವುದೇ ಬೀಳುತ್ತಿರುವಾಗ, ಶಿಫ್ಟ್ ಹಿಡಿದು ಅಂಚು ಹಿಡಿಯದಿದ್ದರೆ ಮುಗಿಯಿತು. ಹನ್ನೆರಡನೆಯದರಲ್ಲಿ ನೆರಳು ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ನಿಮಗೇ ಪೆಟ್ಟು. ಕತ್ತಿ ಒಳಗಿಟ್ಟು ಅದರ ಕಡೆ ನಡೆದರೆ ಇಬ್ಬರೂ ಒಂದಾಗುತ್ತೀರಿ, ಆಮೇಲೆ ಎದುರಿಗೆ ಇರುವುದು ಖಾಲಿ ಜಾಗ. ಅಷ್ಟು ಹೊತ್ತು ಖಾಲಿ ಜಾಗ ಕಂಡರೆ ನಿಲ್ಲಬೇಕು ಅಂತ ಕಲಿಸಿದ ಆಟ ಈಗ ಅದರ ಮೇಲೆ ಓಡು ಅನ್ನುತ್ತದೆ. ಓಡಿದರೆ ಕಾಲ ಕೆಳಗೆ ಕಲ್ಲು ಹುಟ್ಟುತ್ತಾ ಹೋಗುತ್ತದೆ. ಇಷ್ಟು ಚೆಂದದ ತಿರುವನ್ನು ಈ ಸರಣಿಯ ಬೇರೆ ಯಾವ ಆಟವೂ ಮಾಡಿಲ್ಲ, ನನ್ನ ಮಟ್ಟಿಗೆ.

'ಪ್ರಿನ್ಸ್ ಮೆಗಾಹಿಟ್' ಅಂತ ಟೈಪ್ ಮಾಡಿ ಚೀಟ್ ಹಾಕಿಕೊಂಡು ಆಡಿದವರಿಗೆ ಇದರ ಅರ್ಧವೂ ಸಿಕ್ಕಿರುವುದಿಲ್ಲ. ಚೀಟ್ ಹಾಕಿ ಶಿಫ್ಟ್ ಡಬ್ಲ್ಯೂ ಒತ್ತಿದರೆ ರಾಜಕುಮಾರ ಗರಿಯ ಹಾಗೆ ನಿಧಾನಕ್ಕೆ ಇಳಿಯುತ್ತಾನೆ. ನೋಡಲು ಮಜಾ, ಆದರೆ ಭಯ ಹೋದ ಮೇಲೆ ಆ ನೆಲಮಾಳಿಗೆಯಲ್ಲಿ ಉಳಿಯುವುದು ಬರೀ ಇಟ್ಟಿಗೆ.

2003ರ ಸ್ಯಾಂಡ್ಸ್ ಆಫ್ ಟೈಮ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬರೆಯಲೇಬೇಕು. ಯೂಬಿಸಾಫ್ಟ್ ಮಾಂಟ್ರಿಯಲ್ ಮಾಡಿದ ಈ ಆಟಕ್ಕೂ ಕಥೆ ಬರೆದವರು ಮೆಕ್ನರ್. ಮೊದಲ ಆಟದಲ್ಲಿ ಹಿಂದಕ್ಕೆ ಹೋಗದಿದ್ದ ಗಡಿಯಾರವನ್ನು ಇಲ್ಲಿ ನಿಮ್ಮ ಕೈಗೇ ಕೊಟ್ಟರು. ಬಿದ್ದಿರಾ? ರಾಜಕುಮಾರನ ಮಾಯಾ ಕಠಾರಿಯ ಬಟನ್ ಒತ್ತಿಹಿಡಿಯಿರಿ, ಕೆಲವು ಸೆಕೆಂಡು ಕಾಲ ಹಿಂದಕ್ಕೆ ಸುತ್ತುತ್ತದೆ, ಬಿದ್ದ ದೇಹ ಮೇಲಕ್ಕೆ ಹಾರಿ ಅದೇ ಅಂಚಿಗೆ ಬಂದು ನಿಲ್ಲುತ್ತದೆ. ಆದರೆ ಪ್ರತಿ ಸಲಕ್ಕೂ ಕಠಾರಿಯಲ್ಲಿ ತುಂಬಿರುವ ಮರಳು ಖರ್ಚಾಗುತ್ತದೆ, ಅದು ಮತ್ತೆ ತುಂಬಬೇಕಾದರೆ ರಾಕ್ಷಸರ ಜೊತೆ ಹೋರಾಡಬೇಕು. ಹಾಗಾಗಿ ಧೈರ್ಯವೂ ಬರುತ್ತದೆ, ಲೆಕ್ಕವೂ ಇರುತ್ತದೆ. ಗೋಡೆಯ ಮೇಲೆ ಓಡಿ, ಅಲ್ಲಿಂದ ಹಾರಿ ಕಂಬ ಹಿಡಿದು, ಕಂಬದಿಂದ ತೂಗಿ ಇನ್ನೊಂದು ಗೋಡೆಗೆ ಹೋಗುವ ಉದ್ದುದ್ದ ದಾರಿಗಳನ್ನು ಇವರು ಇಡಲು ಸಾಧ್ಯವಾಗಿದ್ದೇ ಈ ಮರಳಿನಿಂದ. ಮೊದಲ ಆಟದ ನಿಯಮದಲ್ಲಿ ಅಂಥ ದಾರಿ ಇಟ್ಟಿದ್ದರೆ ಯಾರೂ ಮುಗಿಸುತ್ತಿರಲಿಲ್ಲ.

ಮರಳು ಖಾಲಿಯಾಗಿ ಸತ್ತಾಗ ಏನಾಗುತ್ತದೆ ನೋಡಿ. ರಾಜಕುಮಾರನ ದನಿ ಕೇಳಿಸುತ್ತದೆ, ಹಾಗಲ್ಲ, ನಡೆದದ್ದು ಹಾಗಲ್ಲ ಅನ್ನುವ ಅರ್ಥದಲ್ಲಿ. ಇಡೀ ಆಟ ಅವನು ಇನ್ನೊಬ್ಬರಿಗೆ ಹೇಳುತ್ತಿರುವ ಕಥೆ. ನೀವು ಸತ್ತರೆ ಅದು ಕಥೆ ಹೇಳುವವನು ಬಾಯಿ ತಪ್ಪಿ ಹೇಳಿದ ಸಾಲು. ಯಾರಿಗೆ ಹೇಳುತ್ತಿದ್ದಾನೆ ಅಂತ ಕೊನೆಯಲ್ಲಿ ಗೊತ್ತಾದಾಗ ಹಿಂದಿನದೆಲ್ಲ ಬೇರೆಯಾಗಿ ಕಾಣುತ್ತದೆ.

ಮುಂದಿನ ವರ್ಷವೇ ವಾರಿಯರ್ ವಿದಿನ್ ಬಂತು. ಆಗ ನಾವು ದಾವಣಗೆರೆಯಲ್ಲಿ ರೂಮು ಮಾಡಿಕೊಂಡಿದ್ದೆವು. ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟುಕೊಂಡು ರಾತ್ರಿಯೆಲ್ಲ ಇದೇ ಆಟ. ನನ್ನ ಗೆಳೆಯರಿಗೆ ಇವತ್ತಿಗೂ ಪ್ರಿನ್ಸ್ ಅಂದರೆ ಇದೇ. ಹೆವಿ ಮೆಟಲ್ ಸಂಗೀತ, ಎರಡೂ ಕೈಯಲ್ಲಿ ಆಯುಧ, ಮುಖದ ತುಂಬ ಸಿಟ್ಟು. ಮೆಕ್ನರ್ ಇದರಲ್ಲಿ ಇರಲಿಲ್ಲ, ಅದು ಮೊದಲ ಮಾತಿನಿಂದಲೇ ಗೊತ್ತಾಗುತ್ತದೆ. ಆದರೂ ಒಂದು ವಿಷಯದಲ್ಲಿ ಇದನ್ನು ಮೆಚ್ಚಲೇಬೇಕು, ಅದು ದಹಾಕಾ. ಕಾಲವನ್ನು ಕೆಡಿಸಿದವನನ್ನು ಹುಡುಕಿಕೊಂಡು ಬರುವ ಆ ಕಪ್ಪು ಭೂತ ಹಿಂದೆ ಬೀಳುತ್ತದೆ, ಅಂಚಿನಲ್ಲಿ ನಿಂತು ಯೋಚಿಸಲು ಬಿಡುವುದೇ ಇಲ್ಲ. ಇಷ್ಟು ದಿನ ಎದುರಿಗಿದ್ದ ಹೆದರಿಕೆ ಬೆನ್ನ ಹಿಂದೆ ಬಂತು. ಆ ಓಟಗಳು ಬಂದಾಗ ಇದು ಅದ್ಭುತ ಆಟ. ಉಳಿದ ಹೊತ್ತು ಅದೇ ಕೋಟೆಯಲ್ಲಿ ಹಿಂದೆ ಮುಂದೆ ಅಲೆದಾಟ ಜಾಸ್ತಿ, ಹೊಡೆದಾಟವೂ ಜಾಸ್ತಿ.

2005ರ ಟೂ ಥ್ರೋನ್ಸ್‌ನಲ್ಲಿ ರಾಜಕುಮಾರ ಆಗಾಗ ಕಪ್ಪು ರೂಪಕ್ಕೆ ತಿರುಗುತ್ತಾನೆ, ಆಗ ಅವನ ಜೀವ ತಾನಾಗಿಯೇ ಸೋರುತ್ತಿರುತ್ತದೆ, ಮರಳು ಸಿಕ್ಕಿದರೆ ಮತ್ತೆ ತುಂಬುತ್ತದೆ. ಸುಮ್ನೆ ನಿಂತರೂ ಸಾಯುತ್ತಾನೆ. ಒಳ್ಳೆಯ ಯೋಚನೆಯೇ, ಆದರೆ ದಹಾಕಾ ಕೊಟ್ಟಷ್ಟು ನಡುಕ ಕೊಡಲಿಲ್ಲ.

ಈಗ 2008ರ ಆಟಕ್ಕೆ ಬರೋಣ. ಇದರ ಬಗ್ಗೆ ನನಗೆ ಬಹಳ ದಿನದಿಂದ ಹೇಳಬೇಕಾದ ಮಾತಿದೆ. ಹೆಸರು ಬರೀ ಪ್ರಿನ್ಸ್ ಆಫ್ ಪರ್ಷಿಯಾ, ಮುಂದೆ ಏನೂ ಇಲ್ಲ. ಬೇರೆ ರಾಜಕುಮಾರ, ಬೇರೆ ಕಥೆ, ಜೊತೆಗೆ ಎಲಿಕಾ ಅನ್ನುವ ಹುಡುಗಿ. ನೀವು ಎಲ್ಲಿ ಬಿದ್ದರೂ ಅವಳ ಕೈ ಬಂದು ಹಿಡಿಯುತ್ತದೆ, ಕೊನೆಯದಾಗಿ ನಿಂತಿದ್ದ ಗಟ್ಟಿ ನೆಲಕ್ಕೆ ತಂದುಬಿಡುತ್ತಾಳೆ. ಎಷ್ಟು ಸಲವಾದರೂ ಅಷ್ಟೇ. ಸಾವೇ ಇಲ್ಲದ ಆಟ, ಮಕ್ಕಳಾಟ ಅಂತ ಆಗ ಎಷ್ಟೋ ಜನ ಬೈದರು. ನನ್ನ ಪ್ರಶ್ನೆಯ ಪ್ರಕಾರ ಇದೇ ಎಲ್ಲಕ್ಕಿಂತ ಕೆಳಗೆ ಇರಬೇಕಿತ್ತು, ಅಲ್ವಾ? ನನಗೆ ಹಾಗನಿಸುವುದಿಲ್ಲ. ಬೇರೆ ಆಟಗಳಲ್ಲಿ ಸತ್ತರೂ ಚೆಕ್‌ಪಾಯಿಂಟಿಗೆ, ಅಂದರೆ ಆಟ ಕೊನೆಯದಾಗಿ ಗುರುತು ಮಾಡಿಕೊಂಡ ಜಾಗಕ್ಕೆ ಹೋಗುತ್ತೀರಿ, ಇಲ್ಲೂ ಹೋಗುತ್ತೀರಿ, ನಡುವೆ ಲೋಡಿಂಗ್ ಪರದೆ ಬದಲು ಒಂದು ಕೈ ಇದೆ ಅಷ್ಟೇ. ಆದರೆ ಆ ಕೈ ಯಾರದು ಅನ್ನುವುದನ್ನು ಆಟ ಮರೆಯುವುದಿಲ್ಲ. ಗಂಟೆಗಟ್ಟಲೆ ಅವಳು ನಿಮ್ಮನ್ನು ಹಿಡಿದಿರುತ್ತಾಳೆ. ಕೊನೆಯಲ್ಲಿ ಕತ್ತಲೆಯ ದೇವರಾದ ಅಹ್ರಿಮನ್‌ನನ್ನು ಮತ್ತೆ ಬಂಧಿಸಲು ಎಲಿಕಾ ತನ್ನ ಜೀವ ಕೊಡುತ್ತಾಳೆ. ರಾಜಕುಮಾರ ಅವಳನ್ನು ಎತ್ತಿಕೊಂಡು ಹೊರಗೆ ಬರುತ್ತಾನೆ, ಆಮೇಲೆ ಅವಳನ್ನು ಬದುಕಿಸಲು ಅವಳು ಮಾಡಿದ ಕೆಲಸವನ್ನೆಲ್ಲ ಒಂದೊಂದಾಗಿ ಕೆಡವುತ್ತಾ ಹೋಗುತ್ತಾನೆ, ಅದನ್ನು ನೀವೇ ಬಟನ್ ಒತ್ತಿ ಮಾಡಬೇಕು. ಲೋಕ ಹಾಳಾಗುತ್ತದೆ ಅಂತ ಗೊತ್ತು. ಆದರೂ ಮಾಡುತ್ತೀರಿ, ಯಾಕೆಂದರೆ ನೀವು ಬಿದ್ದಾಗಲೆಲ್ಲ ಹಿಡಿದವಳು ಅವಳು. ಸಾವು ಇರುವ ಎಷ್ಟೋ ಆಟಗಳು ನನಗೆ ಇಷ್ಟು ಭಾರ ಅನಿಸಿಲ್ಲ.

ಪಕ್ಕದ ಮನೆಯ ಮಾತೂ ಒಂದು ಹೇಳಬೇಕು. 2007ರ ಅಸಾಸಿನ್ಸ್ ಕ್ರೀಡ್ ಶುರುವಾಗಿದ್ದೇ ಹೊಸ ಪ್ರಿನ್ಸ್ ಆಟವಾಗಿ, ಆಮೇಲೆ ಬೇರೆ ಸರಣಿಯಾಯಿತು. ಅಲ್ಲಿ ಗೋಪುರದ ತುದಿಯಿಂದ ಹುಲ್ಲಿನ ರಾಶಿಗೆ ಹಾರುವುದೇ ಬಹುಮಾನ. ಬೀಳುವುದು ಹೆದರಿಕೆಯಿಂದ ಖುಷಿಗೆ ಬದಲಾಯಿತು. ಅದೂ ಚೆನ್ನಾಗಿದೆ, ಆದರೆ ಅಲ್ಲಿ ಗೋಡೆ ನಿಮಗೆ ಎದುರು ನಿಲ್ಲುವುದು ಕಡಿಮೆ.

2010ರ ಫರ್ಗಾಟನ್ ಸ್ಯಾಂಡ್ಸ್ ಕಥೆ ನನಗೆ ಸರಿಯಾಗಿ ನೆನಪಿಲ್ಲ, ಬೆರಳುಗಳಿಗೆ ಮಾತ್ರ ನೆನಪಿದೆ. ಬಟನ್ ಹಿಡಿದರೆ ಧುಮುಕುವ ನೀರು ಗೋಡೆಯಾಗಿ ಗಟ್ಟಿಯಾಗುತ್ತದೆ, ಬಿಟ್ಟರೆ ಮತ್ತೆ ನೀರು. ಒಂದು ನೀರಿನ ಕಂಬ ಹಿಡಿದು, ಮುಂದಿನ ಪರದೆಯ ಮೂಲಕ ಹಾರುವಾಗ ಬಿಟ್ಟು, ಅದರಾಚೆಯದಕ್ಕೆ ಮತ್ತೆ ಹಿಡಿಯಬೇಕು. ಹತ್ತುವ ಆಟವಾಗಿ ಇದು ಸರಣಿಯಲ್ಲೇ ತುಂಬಾ ಮೇಲೆ.

ಆಮೇಲೆ ಬಹಳ ವರ್ಷ ದೊಡ್ಡ ಆಟ ಏನೂ ಬರಲಿಲ್ಲ. 2024ರ ಜನವರಿಯಲ್ಲಿ ದಿ ಲಾಸ್ಟ್ ಕ್ರೌನ್ ಬಂದಾಗ ದಾವಣಗೆರೆಯಲ್ಲಿರುವ ಅಣ್ಣನ ಮಗ ನನಗಿಂತ ಮೊದಲು ಮುಗಿಸಿದ. ಮತ್ತೆ ಪಕ್ಕದಿಂದ ನೋಡುವ ಆಟ, ಮೊದಲನೆಯದರ ಹಾಗೆ. ನಾಯಕ ಸರ್ಗಾನ್ ರಾಜಕುಮಾರನೂ ಅಲ್ಲ, ಯೋಧ. ಮುಳ್ಳಿನ ಮೇಲೆ ಬಿದ್ದರೆ ಸ್ವಲ್ಪ ಜೀವ ಹೋಗಿ ಹತ್ತಿರದಲ್ಲೇ ಎದ್ದು ನಿಲ್ಲುತ್ತಾನೆ, ಸತ್ತರೆ ಆಟ ಉಳಿಸುವ ಜಾಗವಾದ ವಾಕ್‌ವಾಕ್ ಮರದ ಬಳಿಗೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಶಕ್ತಿ. ಗಾಳಿಯಲ್ಲಿ ಇರುವಾಗಲೇ ನಿಮ್ಮ ನೆರಳನ್ನು ಅಲ್ಲೇ ಬಿಟ್ಟು ಮುಂದೆ ಹೋಗಬಹುದು, ಬೇಕಾದಾಗ ಥಟ್ಟನೆ ಅಲ್ಲಿಗೆ ವಾಪಸ್ ಬರಬಹುದು. ಮೊದಲ ಆಟದ ನೆರಳು ಮತ್ತು 2003ರ ಮರಳು ಎರಡೂ ಇದರಲ್ಲಿ ಸೇರಿವೆ. ಎಲ್ಲಿ ಬೀಳುತ್ತೀರಿ ಅಂತ ಮೊದಲೇ ಯೋಚಿಸಿ, ಬೀಳುವ ಮುಂಚೆಯೇ ವಾಪಸ್ ಬರುವ ಜಾಗ ಗುರುತು ಮಾಡಿಕೊಳ್ಳಬೇಕು. ಇಷ್ಟು ಒಳ್ಳೆಯ ಆಟ ಮಾಡಿದ ತಂಡವನ್ನು ಅದೇ ವರ್ಷ ಬೇರೆ ಬೇರೆ ಕೆಲಸಗಳಿಗೆ ಹಂಚಿಬಿಟ್ಟರು ಅನ್ನುವುದು ನನಗೆ ಇನ್ನೂ ಸಂಕಟ.

ಹುಡುಗನಿಗೆ 1989ರದ್ದನ್ನು ತೋರಿಸಿದೆ. "ಚಿಕ್ಕಪ್ಪಾ, ಇವನು ತಿರುಗೋದಕ್ಕೆ ಯಾಕೆ ಇಷ್ಟು ಹೊತ್ತು ಮಾಡ್ತಾನೆ?" ಅಂದ. ಮನುಷ್ಯ ಕಣಪ್ಪಾ, ಓಡುವಾಗ ತಿರುಗೋಕೆ ಹೊತ್ತು ಬೇಕು ಅಂದೆ. ಮೂರನೇ ಲೆವೆಲ್ಲಿಗೆ ಬರುವಷ್ಟರಲ್ಲಿ ಅವನೇ ಶಿಫ್ಟ್ ಹಿಡಿದು ಅಂಚಿಗೆ ಹೋಗುತ್ತಿದ್ದ.

ಹೊಸದಾಗಿ ಶುರು ಮಾಡುವವರು ಸ್ಯಾಂಡ್ಸ್ ಆಫ್ ಟೈಮ್‌ನಿಂದ ಶುರು ಮಾಡಿ, ಕಂಟ್ರೋಲರ್ ಇದ್ದರೆ ಒಳ್ಳೆಯದು. ಅದು ಹಿಡಿಸಿದರೆ 1989ರದ್ದಕ್ಕೆ ಹೋಗಿ, ಚೀಟ್ ಬೇಡ. 2008ರದ್ದನ್ನು ಮಾತ್ರ ಅವಸರ ಇಲ್ಲದಾಗ, ಕೊನೆಯ ತನಕ ಆಡಿ, ಅರ್ಧಕ್ಕೆ ನಿಲ್ಲಿಸಿ ಅಭಿಪ್ರಾಯ ಹೇಳಬೇಡಿ. ವಾರಿಯರ್ ವಿದಿನ್ ಬಗ್ಗೆ ನನ್ನ ಗೆಳೆಯರು ಒಪ್ಪುವುದಿಲ್ಲ ಅಂತ ಗೊತ್ತು, ಮುಂದಿನ ಸಲ ಊರಿಗೆ ಬಂದಾಗ ಮಾತಾಡೋಣ.