ನಾಲ್ಕು ಫೇಸ್ ಬೂಸ್ಟ್ ಕನ್ವರ್ಟರ್: ತಣ್ಣಗಿರೋ ಇಂಡಕ್ಟರ್ ಮೊದಲು ನೋಡಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಪವರ್ ಸಪ್ಲೈ ಮಾಡುವ ಸಣ್ಣ ಕಂಪನಿ. 24 ವೋಲ್ಟ್ ಬ್ಯಾಟರಿಯಿಂದ 48 ವೋಲ್ಟ್ ಕೊಡುವ 2 ಕಿಲೋವ್ಯಾಟ್ ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಬೋರ್ಡ್ ಒಂದು ಟೆಸ್ಟ್ ಬೆಂಚಿಗೆ ಬಂತು. ಲೇಔಟ್, ಅಂದರೆ ಬೋರ್ಡ್ ಮೇಲೆ ಯಾವುದು ಎಲ್ಲಿ ಅನ್ನುವ ನಕ್ಷೆ, ಹೊರಗಡೆ ಮಾಡಿಸಿದ್ದು.

ಬ್ಯಾಟರಿ ಮೇಲೆ 24 ಅಂತ ಬರೆದಿದ್ದರೂ ಲೆಕ್ಕ ಹಾಕಬೇಕಾದ್ದು 21ಕ್ಕೆ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗುವ ಹೊತ್ತಿಗೆ ಅಲ್ಲಿಗೇ ಇಳಿಯುತ್ತದೆ, ಆಗ 95% ದಕ್ಷತೆ ಹಿಡಿದರೂ ಇನ್‌ಪುಟ್ ಕರೆಂಟ್ ಸುಮಾರು 100 ಆಂಪ್. ಅದಕ್ಕೇ ನಾಲ್ಕು ಫೇಸ್, ಅಂದರೆ ಕರೆಂಟ್ ಹಂಚಿಕೊಳ್ಳುವ ಒಂದೇ ತರದ ನಾಲ್ಕು ದಾರಿ, ಒಂದೊಂದಕ್ಕೂ ತನ್ನದೇ ಸ್ವಿಚ್ ಮತ್ತು ಇಂಡಕ್ಟರ್ (ಕೋರ್ ಮೇಲೆ ಸುತ್ತಿದ ತಂತಿ ಸುರುಳಿ). ತಲಾ 25 ಆಂಪ್, ಸ್ವಿಚ್ ಆಗುವ ಹೊತ್ತಿನಲ್ಲಿ ಒಂದಕ್ಕೊಂದು 90 ಡಿಗ್ರಿ, ಅಂದರೆ ಕಾಲು ಸುತ್ತಿನ ಅಂತರ. ತಾಮ್ರದ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅಷ್ಟೇ ರೆಸಿಸ್ಟೆನ್ಸ್ ಇರುವ ನಾಲ್ಕು ದಾರಿಗೆ ಹಂಚಿದರೆ ಒಟ್ಟು ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ರಿಪ್ಪಲ್ (ಸ್ವಿಚ್ ಆನ್ ಆಫ್ ಆಗುವುದರಿಂದ ಬರುವ ಏರಿಳಿತ) ಕೂಡ ಬಹುಪಾಲು ಒಂದಕ್ಕೊಂದು ವಜಾ ಆಗುತ್ತದೆ.

ಇದೆಲ್ಲ ನಾಲ್ಕೂ ಸಮ ಹಂಚಿಕೊಂಡರೆ ಮಾತ್ರ, ಅಲ್ವಾ?

ಬ್ಯಾಟರಿ ಕಡೆ ಫ್ಯೂಸ್ ಹಾಕಿ ಆನ್ ಮಾಡಿದೆವು. (ಫ್ಯೂಸ್ ಬಿಡಬೇಡಿ. ಬೂಸ್ಟ್‌ನಲ್ಲಿ ಸ್ವಿಚ್ ಎಲ್ಲ ಆಫ್ ಆದರೂ ಇಂಡಕ್ಟರ್ ಮತ್ತು ಮೇಲಿನ ಸ್ವಿಚ್ ಆದ ಮಾಸ್‌ಫೆಟ್‌ನ ಒಳಗೇ ಇರುವ ಬಾಡಿ ಡಯೋಡ್ ಮೂಲಕ ದಾರಿ ತೆರೆದೇ ಇರುತ್ತದೆ, ಔಟ್‌ಪುಟ್ ಶಾರ್ಟ್ ಆದರೆ ತಡೆಯುವವರಿಲ್ಲ.) ಫುಲ್ ಲೋಡಿನಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದರೆ ಮೂರು ಇಂಡಕ್ಟರ್ ಚೆನ್ನಾಗಿ ಕಾದಿದ್ದವು, ನಾಲ್ಕನೆಯದು ಆರಾಮಾಗಿತ್ತು. ಮಂಡ್ಯದಿಂದ ದಿನಾ ಟ್ರೈನಿನಲ್ಲಿ ಬರುವ ನಮ್ಮ ಹುಡುಗ, "ಸರ್, ಈ ಮೂರಕ್ಕೂ ದೊಡ್ಡ ಕೋರ್ ಹಾಕ್ಬಿಡೋಣ್ವಾ?" ಅಂದ. ಬಿಸಿ ಇರುವ ಕಡೆಗೇ ಎಲ್ಲರ ಕಣ್ಣು ಹೋಗುತ್ತದೆ. ಕರೆಂಟ್ ಪ್ರೋಬ್ ಹಾಕಿದೆವು: ಮೂರರಲ್ಲಿ ತಲಾ 27 ಆಂಪ್, ನಾಲ್ಕನೆಯದರಲ್ಲಿ ಬರೀ 19.

ಕಂಟ್ರೋಲರ್ ನಾಲ್ಕಕ್ಕೂ ಹೇಳುವುದು ಒಂದೇ ಮಾತು. 1 ಮಿಲಿಓಮ್ ಶಂಟ್ (ಕರೆಂಟ್ ಅಳೆಯಲು ದಾರಿಯಲ್ಲಿಟ್ಟ ರೆಸಿಸ್ಟರ್) ಮೇಲೆ ಇಷ್ಟು ಮಿಲಿವೋಲ್ಟ್ ಬರುವವರೆಗೆ ಸ್ವಿಚ್ ಆನ್ ಇರಲಿ. ನಾಲ್ಕನೇ ಫೇಸ್ ಪಕ್ಕದಲ್ಲಿ ಕನೆಕ್ಟರ್ ಅಡ್ಡ ಬಂದಿತ್ತು ಅಂತ ಅಲ್ಲಿನ ಸೆನ್ಸ್ ಟ್ರ್ಯಾಕನ್ನು (ಆ ಮಿಲಿವೋಲ್ಟನ್ನು ಕಂಟ್ರೋಲರಿಗೆ ಒಯ್ಯುವ ಗೆರೆ) ಶಂಟ್ ಪ್ಯಾಡಿನಿಂದ ತೆಗೆಯದೆ ಆಚೆ ಇರುವ ತಾಮ್ರದಿಂದ ಎಳೆದಿದ್ದರು. ಬೋರ್ಡಿನದು 2 ಔನ್ಸ್ ಅನ್ನುವ ದಪ್ಪದ ತಾಮ್ರ ಆದರೂ ಒಂದು ಚೌಕಕ್ಕೆ (ಅಗಲದಷ್ಟೇ ಉದ್ದದ ತುಂಡಿಗೆ) ಸುಮಾರು ಕಾಲು ಮಿಲಿಓಮ್ ಇರುತ್ತದೆ. ಎರಡು ಚೌಕವೂ ಇರಲಿಲ್ಲ, ಅಷ್ಟಕ್ಕೇ 1 ಮಿಲಿಓಮ್ ಹೋಗಿ 1.4 ಆಯಿತು. ಪಾಪ, ಕಂಟ್ರೋಲರ್ ಕಣ್ಣಿಗೆ 19 ಆಂಪೇ 27ರ ಹಾಗೆ ಕಾಣುತ್ತಿತ್ತು. ಉಳಿದದ್ದು ಮಿಕ್ಕ ಮೂರರ ತಲೆಗೆ.

ಟ್ರ್ಯಾಕ್ ಕೊಯ್ದು, ಎರಡು ತೆಳು ತಂತಿ ಹೆಣೆದು ನೇರವಾಗಿ ಪ್ಯಾಡಿಗೇ ಬೆಸೆದೆವು. ನಾಲ್ಕೂ 25ರ ಆಸುಪಾಸಿಗೆ ಬಂದವು. ಕೋರ್ ಅದೇ ಸಾಕಾಯಿತು.

ಕರೆಂಟ್ ಪ್ರೋಬ್ ಇಲ್ಲದವರು ಔಟ್‌ಪುಟ್ ರಿಪ್ಪಲನ್ನು ಸ್ಕೋಪಿನಲ್ಲಿ ನೋಡಿ. ಒಂದೊಂದು ಫೇಸ್ 100 ಕಿಲೋಹರ್ಟ್ಸ್ ಅಂದರೆ ರಿಪ್ಪಲ್ 400 ಇರಬೇಕು. ಅದರ ಮೇಲೆ 100 ಕಿಲೋಹರ್ಟ್ಸ್‌ನ ಏರಿಳಿತ ಕಂಡರೆ ಹಂಚಿಕೆ ಮೇಲೆ ಅನುಮಾನ ಪಡಿ.

ಈಗ ಲೇಔಟ್‌ನವರಿಗೆ ನಾಲ್ಕು ಫೇಸೂ ಪಡಿಯಚ್ಚು ಇರಬೇಕು ಅಂತ ಬರೆದೇ ಕೊಡುತ್ತೇವೆ. ಕನೆಕ್ಟರ್‌ಗೆ ಜಾಗ ಸಾಲಲ್ಲ ಅಂತ ತಕರಾರು ಬರುತ್ತದೆ. ಕನೆಕ್ಟರ್ ಸರಿಸಿ ಅನ್ನುತ್ತೇವೆ.